ಗುಡ್ಡದ ಮೇಲಿನ ಗೊಂಚಲು

ಎಲ್ಲ ರಗಳೆಗೂ ಮೂಲ, ಕ್ಯಾಮೆರಾದ ಮುಖದಲ್ಲಿ ಮಿಣುಕುವ ಒಂದು ಕೆಂಪು ದೀಪ. ಗುಂಡಿ ಒತ್ತಿದರೆ ಅದು ಹತ್ತು ಸೆಕೆಂಡು ಕೀಂ ಕೀಂ ಎಂದು ಮಿಣುಕಿ, ಆಮೇಲೆ ಕ್ಯಾಮೆರಾ ತಾನೇ ಫೋಟೋ ತೆಗೆಯುತ್ತದೆ. ಟೆಲಿಸ್ಕೋಪಿಗೆ ಕ್ಯಾಮೆರಾ ಕಟ್ಟಿ ನಕ್ಷತ್ರ ಹಿಡಿಯುವವರಿಗೆ ಇದು ಬೇಕೇ ಬೇಕು. ಆ ಗಳಿಗೆಯಲ್ಲಿ ಬೆರಳು ತಾಗಿದರೂ ಸಾಕು, ಚುಕ್ಕಿಗಳೆಲ್ಲ ಎರೆಹುಳುಗಳಾಗುತ್ತವೆ.

ಫೋಟೋ ಸ್ಟುಡಿಯೋ ಇಟ್ಟುಕೊಂಡು ಬೀದಿಗೆಲ್ಲ ‘ಸ್ಟುಡಿಯೋ ಮಾವ’ ಆಗಿದ್ದವರಿಗೆ ಈ ಹುಚ್ಚು ಇಂದು ನಿನ್ನೆಯದಲ್ಲ. ಮದುವೆಯಾದ ಹೊಸತರಲ್ಲಿ ಒಂದು ಸಂಜೆ, ಇದೇ ತಾರಸಿಯಲ್ಲಿ, ಹೆಂಡತಿ ಗುಡ್ಡದ ಕಡೆ ಬೆರಳು ಮಾಡಿ, “ಅಲ್ನೋಡಿ, ಎಷ್ಟು ಚೆನ್ನಾಗಿ ಮಿನುಗ್ತಿದೆ! ಅದರದ್ದೊಂದು ಫೋಟೋ ತೆಗೆದುಕೊಡ್ತೀರಾ?” ಎಂದು ಕೇಳಿದ್ದಳು. ಗುಡ್ಡದ ನೆತ್ತಿಯ ಮೇಲೆ ಕೃತ್ತಿಕೆ ನಕ್ಷತ್ರಗಳ ಗೊಂಚಲು ತೂಗುತ್ತಿತ್ತು.

“ಅಷ್ಟು ದೂರದ್ದು ನನ್ನ ಕ್ಯಾಮೆರಾಗೆ ಸಿಗೋಲ್ಲ ಕಣೇ. ಆದ್ರೆ ಒಂದಲ್ಲ ಒಂದು ದಿನ ತೆಗೆದೇ ಕೊಡ್ತೀನಿ,” ಎಂದು ಮಾವ ಮಾತು ಕೊಟ್ಟಿದ್ದರು. ಆ ಗಾಳಿ, ಅವಳ ಜಡೆಯ ಎಣ್ಣೆಯ ಘಮ, ಹೆಗಲಿಗೆ ಹೆಗಲು ತಾಗಿದಾಗ ಎದೆಯಲ್ಲಿ ಆಗುತ್ತಿದ್ದ ಡವಡವ! ನೆನೆದರೆ ಈಗಲೂ ಅವರಿಗೆ ಆ ದಿನಗಳು ಬೇಕೆನಿಸುತ್ತಿದ್ದವು. ಆಮೇಲಿನ ಬದುಕೆಲ್ಲ ಪಾಸ್‌ಪೋರ್ಟ್ ಸೈಜಿನಲ್ಲೇ ಕಳೆಯಿತು.

ಈ ದಿನಕ್ಕೆ ಮದುವೆಯಾಗಿ ನಲವತ್ತು ವರ್ಷ. ಸೆಕೆಂಡ್‌ಹ್ಯಾಂಡ್ ಟೆಲಿಸ್ಕೋಪ್ ಸಿದ್ಧ, ಸಣ್ಣ ಡಿಜಿಟಲ್ ಕ್ಯಾಮೆರಾ ಸಿದ್ಧ. ಈ ವಾರ ತಪ್ಪಿದರೆ ಕೃತ್ತಿಕೆ ಸಂಜೆಯ ಆಕಾಶದಿಂದಲೇ ಮಾಯ. “ನೀರಿನ ಟ್ಯಾಂಕ್ ನೋಡಿ ಬರ್ತೀನಿ,” ಎಂದು ಹೆಂಡತಿಗೆ ಸುಳ್ಳು ಹೇಳಿ, ಕತ್ತಲಾಗುತ್ತಲೇ ಮಾವ ತಾರಸಿ ಹತ್ತಿದರು.

ಪಕ್ಕದ ತಾರಸಿಯಲ್ಲಿ ಟೈಲರನ ಬಲ್ಬು ಧಗಧಗ ಉರಿಯುತ್ತಿತ್ತು.

“ಆ ಲೈಟ್ ಸ್ವಲ್ಪ ಆರಿಸ್ತೀಯೇನಪ್ಪಾ?”

“ಯಾಕೆ ಮಾವ, ಕಳ್ಳರೇನಾದ್ರೂ?” ಎನ್ನುತ್ತ ಟೈಲರ್ ಲೈಟು ಆರಿಸಿದ, ಜೊತೆಗೆ ಮೋಟುಗೋಡೆ ಹಾರಿ ಈಚೆಗೂ ಬಂದ. ಅವನು ಧುಮುಕಿದ ರಭಸಕ್ಕೆ ಕ್ಯಾಮೆರಾದ ಪರದೆಯಲ್ಲಿ ಕೃತ್ತಿಕೆ ಗಡಗಡ ನಡುಗಿತು. ಮಾವ ಹಲ್ಲು ಕಚ್ಚಿ ಮತ್ತೆ ಗುರಿ ಹೊಂದಿಸಿ ಗುಂಡಿ ಒತ್ತಿದರು. ಕೆಂಪು ದೀಪ ಮಿಣುಕಿದ್ದೇ ತಡ, ಟೈಲರ್ ಜೇಬಿನಿಂದ ಬಾಚಣಿಗೆ ತೆಗೆದು ಕ್ರಾಪು ತೀಡಿಕೊಂಡು, ಟೆಲಿಸ್ಕೋಪಿನ ಮುಂದೆ ಗದ್ದ ಎತ್ತಿ ನಿಂತ.

“ನಿನ್ನ ಫೋಟೋ ಅಲ್ಲ ಮಾರಾಯ! ನಕ್ಷತ್ರದ್ದು!”

“ಇರ್ಲಿ ಬಿಡಿ ಮಾವ, ಎರಡೂ ಒಟ್ಟಿಗೆ ಬರ್ಲಿ.”

ಮಾತು ಕೇಳಿ ಕೆಳಮನೆಯ ನರ್ಸಕ್ಕ ಹತ್ತಿ ಬಂದಳು. “ಗ್ರೂಪ್ ಫೋಟೋನಾ? ಒಂದ್ನಿಮಿಷ ತಡೀರಿ, ನಮ್ಮತ್ತೇನೂ ಕರ್ಕೊಂಡ್ಬರ್ತೀನಿ.” ಅತ್ತೆ ಬಂದರು. ಅತ್ತೆಗೊಂದು ಕುರ್ಚಿ ಬಂತು. ಕುರ್ಚಿ ಸರಿಯಾಗಿ ಕೃತ್ತಿಕೆಗೆ ಅಡ್ಡವಾಗಿ ಕೂತಿತು. ದೀಪ ಮಿಣುಕಿದಾಗಲೆಲ್ಲ ಮೂವರೂ ಉಸಿರು ಹಿಡಿದು ನಗುತ್ತಿದ್ದರು. ಅತ್ತ ಗೊಂಚಲು ಗುಡ್ಡದತ್ತ ಜಾರುತ್ತಿತ್ತು. ನಲವತ್ತು ವರ್ಷದ ಮಾತು ಕಣ್ಣೆದುರೇ ಮುಳುಗುತ್ತಿದೆಯಲ್ಲ ಎಂದು ಮಾವನಿಗೆ ಅಳುವೇ ಬಂತು.

ಕೊನೆಗೆ ಅವರೂ ಉಪಾಯಕ್ಕಿಳಿದರು. “ಹಿಂದುಗಡೆ ಟ್ಯಾಂಕ್ ಹತ್ರ ನಿಂತ್ರೆ ಚೆನ್ನಾಗಿ ಬರ್ತೀರಿ. ಹೋಗಿ, ಹೋಗಿ. ಹಾಂ, ಇನ್ನು ಯಾರೂ ಅಲ್ಲಾಡಬೇಡಿ!”

ಆ ಸ್ಟುಡಿಯೋ ದನಿಗೆ ಮೂವರೂ ಕಂಬವಾದರು. ಕ್ಯಾಮೆರಾ ಅವರಿಗೆ ಬೆನ್ನು ಹಾಕಿದ್ದು ಯಾರಿಗೂ ಹೊಳೆಯಲಿಲ್ಲ. ಕ್ಲಿಕ್!

ಮಾವ ಮೆಟ್ಟಿಲು ಹಾರುತ್ತ ಸ್ಟುಡಿಯೋಗೆ ಇಳಿದರು. ಪ್ರಿಂಟು ಹೊರಬಂದಾಗ ಕಪ್ಪು ಕಾಗದದ ಮೇಲೆ ನೀಲಿ ಮಿಂಚಿನ ಗೊಂಚಲು, ಒಂದು ಚುಕ್ಕಿಯೂ ಕದಲಿರಲಿಲ್ಲ. “ನಾವೆಲ್ಲಿ ಮಾವ?” ಎಂದು ಹಿಂದೆಯೇ ಬಂದ ಟೈಲರನನ್ನು ಪಕ್ಕಕ್ಕೆ ಸರಿಸಿ, ಅಡುಗೆಮನೆಗೆ ನುಗ್ಗಿ, ಫೋಟೋವನ್ನು ಹೆಂಡತಿಗೆ ಕೊಟ್ಟರು.

“ಏನ್ರೀ ಇದು?”

“ನೀನು ಅವತ್ತು ಕೇಳಿದ್ಯಲ್ಲೇ! ತಾರಸಿ ಮೇಲೆ, ಮದುವೆಯಾದ ವರ್ಷ. ಗುಡ್ಡದ ಮೇಲೆ ಮಿನುಗ್ತಿತ್ತಲ್ಲ, ಅದು!”

ಅವಳು ಫೋಟೋ ನೋಡಿದಳು, ಗಂಡನನ್ನು ನೋಡಿದಳು.

“ಅಯ್ಯೋ, ನಾನು ಕೇಳಿದ್ದು ಇದನ್ನಲ್ಲಾರೀ. ಗುಡ್ಡದ ಮೇಲಿದ್ದ ಗಿರಣಿ ದೀಪಗಳನ್ನ. ಅಪ್ಪನಿಗೆ ಆ ಗಿರಣೀಲಿ ರಾತ್ರಿ ಪಾಳಿ ಇತ್ತಲ್ಲ. ತವರಿನ ನೆನಪಾದಾಗೆಲ್ಲ ಮೇಲೆ ಹೋಗಿ ನೋಡ್ತಿದ್ದೆ. ದೀಪ ಉರೀತಿದ್ರೆ ಅಪ್ಪ ಅಲ್ಲೇ ಇದ್ದಾರೆ ಅಂತ ಒಂದು ಧೈರ್ಯ.” ಅವಳ ಕಣ್ಣು ತುಂಬಿತು, ಮರುಗಳಿಗೆಯಲ್ಲೇ ನಗುವೂ ಬಂತು. “ಅಷ್ಟು ದೂರದ್ದು ಸಿಗೋಲ್ಲ ಅಂದ್ರಿ. ಎದುರುಗಡೆ ಗಿರಣೀನೇ ಸಿಗದಿದ್ರೆ ಇವರೆಂಥ ಫೋಟೋದವರಪ್ಪಾ ಅಂತ ಸುಮ್ಮನಾದೆ. ಆ ಗಿರಣಿ ಕೆಡವೋವಾಗ್ಲಾದ್ರೂ ಫೋಟೋ ತೆಗೀತೀರೇನೋ ಅಂತ ಕಾದೆ. ಇಡೀ ಬೀದಿ ಹೋಗಿ ನೋಡ್ತು, ನೀವು ಮಾತ್ರ ತಾರಸೀಲಿ ಈ ಟೆಲಿಸ್ಕೋಪಿಗೆ ಕಾಲು ಕೂರಿಸ್ತಿದ್ರಿ.”

ಮಾವ ಕಿಟಕಿಯಿಂದ ಹೊರಗೆ ನೋಡಿದರು. ಗುಡ್ಡದ ಮೇಲೆ ಬರೀ ಕತ್ತಲೆ. ಬೆಳಕೇ ನೂರಾರು ವರ್ಷ ಓಡಿದರೆ ಮುಟ್ಟುವಷ್ಟು ದೂರದ ಚುಕ್ಕಿಗಳನ್ನು ಹಿಡಿದು ತಂದವರಿಗೆ, ಎದುರಿನ ಗುಡ್ಡದ ದೀಪ ಇನ್ನು ಯಾವ ಕ್ಯಾಮೆರಾದಲ್ಲೂ ಸಿಗುವಂತಿರಲಿಲ್ಲ.