ಹ್ಯಾಟಿಯ ಕಾಲಿನ ನೀಲಿ ದಾರ

ಹೆಣ್ಣುಮಕ್ಕಳು ಸುಳ್ಳು ಹೇಳಬಾರದೆಂದು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು. ಹೇಳಿಬಿಟ್ಟ ಸುಳ್ಳನ್ನು ಸಾಕುವುದು ಹೇಗೆಂದು ಮಾತ್ರ ಯಾರೂ ಕಲಿಸಲಿಲ್ಲ. ಸುಳ್ಳೂ ಕೋಳಿಯ ಹಾಗೆಯೇ. ತಂದು ಬಿಟ್ಟರೆ ಮುಗಿಯಲಿಲ್ಲ. ಅದಕ್ಕೆ ಕಾಳು ಬೇಕು, ನೀರು ಬೇಕು, ಸಂಜೆ ಬುಟ್ಟಿ ಮುಚ್ಚಿ ಮೇಲೊಂದು ಕಲ್ಲಿಡಬೇಕು. ನಾನು ಸಾಕಿದ್ದು ತೀರ ಸಣ್ಣ ಸುಳ್ಳು. ಮಸ್ಕಿಯಿಂದ ನಮ್ಮ ಅತ್ತೆ ಪ್ರೀತಿಯಿಂದ ಕಳಿಸಿದ್ದ ಕೆಂಪು ಹ್ಯಾಟಿಯನ್ನು, ಅಂದರೆ ಹೆಣ್ಣುಕೋಳಿಯನ್ನು, ಕಾಡುಬೆಕ್ಕು ಒಯ್ದಿತೆಂದು ಅವರಿಗೆ ಹೇಳಿಕಳಿಸಿದ್ದೆ. ನಿಜ ಹೇಳಬೇಕೆಂದರೆ ಅದು ಹೋದದ್ದು ಸಿಂಧನೂರಿನಿಂದ ದೌರೆಗೆ, ಕಚೇರಿಯ ತಪಾಸಣೆಗೆ, ಬಂದಿದ್ದ ನನ್ನವರ ಸಾಹೇಬರ ತಾಟಿಗೆ. ಅವರು ಎರಡು ಸಲ ಬಡಿಸಿಕೊಂಡಿದ್ದರು.

ಆಗ ನಾವು ಲಿಂಗಸುಗೂರಿನಲ್ಲಿದ್ದೆವು. ನನ್ನವರು ತಹಸೀಲು ಕಚೇರಿಯಲ್ಲಿ ಉರ್ದು ಕಾಗದಗಳ ನಕಲು ತೆಗೆಯುತ್ತಿದ್ದರು. ನಾನು ಹಿತ್ತಲಿನಲ್ಲಿ ಮೂರು ಹ್ಯಾಟಿ, ಒಂದು ಹುಂಜದ ಸಂಸಾರ ನಡೆಸುತ್ತಿದ್ದೆ. ಆ ಸಂಸಾರದ ಯಜಮಾನಿ ಒಂದು ಕರಿ ಹ್ಯಾಟಿ. ನಮ್ಮ ಹಾಸ್ಟೆಲಿನ ಮೇಟ್ರನ್ನಿನ ಉದ್ದ ಕುತ್ತಿಗೆ, ಅದೇ ಓರೆನೋಟ. ಹಾಗಾಗಿ ಅದನ್ನು ಮೇಟ್ರನ್ ಎಂದೇ ಕರೆಯುತ್ತಿದ್ದೆ.

ದಸರೆ ಮುಗಿದ ಮೇಲೆ ಅತ್ತೆ ಇನ್ನೊಂದು ಹ್ಯಾಟಿ ಕಳಿಸಿದರು. ಇದ್ದಿಲು ಗ್ಯಾಸಿನ ಮೋಟಾರು ಬಸ್ಸಿನ ತಲೆಯ ಮೇಲೆ ಬುಟ್ಟಿಯಲ್ಲಿ ಕೂತು, ಅರ್ಧ ಮೈ ಮಸಿ ಮಾಡಿಕೊಂಡು ಬಂದಿಳಿಯಿತು. ಒರೆಸಿ ನೋಡಿದೆ, ಬೂದು ಬಣ್ಣ. ಎಡಗಾಲಿಗೆ ಒಂದು ನೀಲಿ ದಾರ, ಅದಕ್ಕೆ ಎರಡು ಗಂಟು. ಆ ಗಂಟು ಕಂಡೊಡನೆ ನನಗೆ ತಿಳಿಯಿತು. ಗುರುತು! ಅತ್ತೆಗೆ ಬೆಕ್ಕಿನ ಕಥೆಯ ಮೇಲೆ ಸಂಶಯ ಬಂದಿದೆ. ಬುಟ್ಟಿ ತಂದುಕೊಟ್ಟವನು, “ಎಂಟು ದಿನಕ್ಕ ಅಮ್ಮಾರು ತಾವ ಬರ್ತಾರಂತ್ರಿ” ಎಂದಾಗ ಸಂಶಯಕ್ಕೂ ಜಾಗ ಉಳಿಯಲಿಲ್ಲ. ಎಂಟು ದಿನ ಆ ಕೋಳಿ ಬದುಕಿರಬೇಕು, ದಾರವೂ ಇರಬೇಕು. ಇಲ್ಲದಿದ್ದರೆ ಹಳೆಯ ಸಾರಿನ ಕಥೆ ಹೊರಬೀಳುತ್ತದೆ.

ಗೋಡೆಯಾಚೆಯ ಹುಸೇನಬಿ ಕೂಗಿದಳು: “ಅರೆ ಬಾಯಿ, ಹಂಗ ಬಿಡಬ್ಯಾಡ್ರಿ! ಒಲಿ ಸುತ್ತ ಮೂರು ಸುತ್ತು ಹಾಕ್ರಿ, ಕಾಲಿಗೆ ನೀರು ಹನಸ್ರಿ. ಇಲ್ಲಾಂದ್ರ ಹಳೀ ಮನಿ ಹುಡುಕ್ಕೊಂತ ಹೊಕ್ಕೈತಿ.” ಸುತ್ತಿಸಿದೆ. ನಾನು ಮದುವೆಯಾಗಿ ಬಂದ ದಿನ ನನ್ನನ್ನೂ ಮೊದಲು ಒಲೆಯ ಮುಂದೆ ಕರೆದೊಯ್ದಿದ್ದರು. ಅದು ಯಾಕೆಂದು ಈಗ ತಿಳಿಯಿತು.

ಒಲೆಯ ಋಣವನ್ನು ಹೊಸಬಳು ಒಪ್ಪಿದಳು, ಹಳಬರು ಒಪ್ಪಲಿಲ್ಲ. ಹೊಸ ಕೋಳಿ ಬಂದರೆ ನಾಲ್ಕು ಕುಟುಕು ಇದ್ದದ್ದೇ ಎಂದುಕೊಂಡಿದ್ದೆ. ಆದರೆ ಇವು ಕುಟುಕಿದ್ದು ಕೋಳಿಯನ್ನಲ್ಲ, ದಾರವನ್ನು. ನೀಲಿ ಹುಳ ಎಂದು ತಿಳಿದವೋ, ನಮಗಿಲ್ಲದ ಒಡವೆ ಇವಳಿಗೇಕೆ ಎಂದೋ, ಮೂರೂ ಸೇರಿ ಆ ಒಂದೇ ಕಾಲನ್ನು ಹಿಡಿದು ಜಗ್ಗಿದವು. ಮೂರನೆಯ ದಿನಕ್ಕೆ ರಕ್ತ. ಅರಿಸಿನ ಹಚ್ಚಿ ಬುಟ್ಟಿಯಡಿ ಮುಚ್ಚಿಟ್ಟೆ. ತೆಗೆದೊಡನೆ ಮತ್ತೆ ಅದೇ ಕಾಲು, ಅದೇ ಜಗ್ಗಾಟ.

“ಆ ದಾರ ಕತ್ತರಿಸಿ ಒಗೀಬಾರದೇನು?” ಎಂದರು ನನ್ನವರು.

“ಕತ್ತರಿಸಿದರ ಇದು ನಿಮ್ಮವ್ವನ ಕೋಳೀನ ಅಂತ ಯಾರು ಸಾಕ್ಷಿ ಹೇಳ್ತಾರ?”

“ಹಂಗಾದ್ರ ನಿಜ ಹೇಳಿಬಿಡು.”

“ನೀವ ಹೇಳ್ರಿ. ನಿಮ್ಮವ್ವ, ನಿಮ್ಮ ಸಾಹೇಬ್ರು.”

ಅವರಿಗೆ ಕೂಡಲೇ ಕೈಯಲ್ಲಿದ್ದ ಉರ್ದು ಕಾಗದದಲ್ಲಿ ಬಹಳ ಮುಖ್ಯವಾದ ಸಾಲೊಂದು ಸಿಕ್ಕಿತು.

ಕೊನೆಗೆ ನನಗೆ ಕಾನ್ವೆಂಟಿನ ಬುದ್ಧಿ ನೆನಪಾಯಿತು. ಒಬ್ಬಳ ರಿಬ್ಬನ್ನು ಇನ್ನೊಬ್ಬಳು ಕಿತ್ತುಕೊಳ್ಳಬಾರದೆಂದೇ ಅಲ್ಲಿ ಎಲ್ಲರಿಗೂ ಒಂದೇ ಬಣ್ಣದ ರಿಬ್ಬನ್ನು. ಪೇಟೆಯಿಂದ ನೀಲಿ ದಾರ ತರಿಸಿದೆ. ಅರ್ಧ ದಿನ ಹಿತ್ತಲಿನಲ್ಲಿ ಬಗ್ಗಿ ಓಡಾಡಿ, ಒಂದು ಸೀರೆಯ ಸೆರಗನ್ನು ಜಾಲಿಮುಳ್ಳಿಗೆ ಒಪ್ಪಿಸಿ, ಹುಂಜವನ್ನೂ ಬಿಡದೆ ಎಲ್ಲಕ್ಕೂ ಕಟ್ಟಿದೆ. ಗುರುತಿಗೆಂದು ಜೋಪಾನ ಮಾಡಿದ ದಾರ ಇನ್ನು ಗುರುತೇ ಅಲ್ಲ ಎಂಬುದು ಕೊನೆಯ ಗಂಟು ಬಿಗಿದ ಮೇಲೆ ಹೊಳೆಯಿತು. ಶಾಂತಿಯಾದರೂ ಬಂತೇ? ಮೊದಲು ಒಂದು ಕಾಲಿಗೆ ಇದ್ದ ಕಾಟ ಈಗ ಐದು ಕಾಲಿಗೆ. ಮೇಟ್ರನ್ನಿನ ಕಾಲನ್ನೇ ಅದರ ಸ್ವಂತ ಸೊಸೆಯಂದಿರು ಜಗ್ಗುತ್ತಿದ್ದರು. ಹುಂಜ ಕೂಗುವುದನ್ನು ಬಿಟ್ಟು ಒಂಟಿಕಾಲಿನಲ್ಲಿ ಕುಣಿಯುತ್ತ ತನ್ನ ಕಾಲನ್ನು ತಾನೇ ಕುಟುಕಿಕೊಂಡಿತು. ಮೊಟ್ಟೆ ಪೂರ್ತಿ ಬಂದ್.

ಇಂಥ ಹೊತ್ತಿನಲ್ಲಿ ಅತ್ತೆ ಬಂದಿಳಿದರು. ಕಾಲು ತೊಳೆದವರೇ ಹಿತ್ತಲಿಗೆ ನಡೆದು, ಸೊಂಟಕ್ಕೆ ಕೈಯಿಟ್ಟು ನಿಂತರು.

“ಇದೇನಬೇ, ಎಲ್ಲಾ ಕೋಳಿಗೂ ಕಾಲ್ಗಡಗ ಹಾಕಿಯಲ್ಲ! ಮದುವಿ ಇಟ್ಕೊಂಡೀಯೇನು?”

“ಅತ್ತೀ, ಆ ಬೂದ ಕೋಳೀನ ನೀವು ಕಳಿಸಿದ್ದು. ನಿಮ್ಮಾಣಿ. ಬದಲಿ ಮಾಡಿಲ್ಲ.”

“ಬದಲಿ ಅಂತ ಯಾರಂದ್ರು? ನಾ ಸಾಕಿದ ಕೋಳಿ ನನಗ ಗೊತ್ತಾಗೂದಿಲ್ಲೇನು?”

“ಮತ್ತ ದಾರ...”

“ಮೋಟಾರಿನ ಮ್ಯಾಲ ಊರ ಮಂದಿ ಬುಟ್ಟಿ ಇರ್ತಾವ. ಅದಲಿ ಬದಲಿ ಆಗಬಾರದಂತ ಕಟ್ಟಿದ್ದೆ. ಬಂದ ದಿನ ಹರಿದು ಒಗೀಬೇಕಿಲ್ಲೋ, ಹುಚ್ಚಿ!”

ಸಂಚಿಯಿಂದ ಅಡಕೊತ್ತು ತೆಗೆದು, ಒಂದೊಂದೇ ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಅಡಿಕೆ ಕತ್ತರಿಸಿದ ಹಾಗೆ ದಾರ ಕತ್ತರಿಸಿದರು. ಗಾಯಕ್ಕೆ ಒಲೆಯ ಬೂದಿ ಒತ್ತಿ ಕೆಳಗೆ ಬಿಟ್ಟರು. ಮೇಟ್ರನ್ ಬಂದು ಬೂದು ಹ್ಯಾಟಿಯ ನೆತ್ತಿಗೆ ಎರಡು ಕುಟುಕಿತು. ಅದು ತಲೆ ತಗ್ಗಿಸಿತು. ಅಷ್ಟೇ. ಚಹಾ ಇಳಿಸುವಷ್ಟರಲ್ಲಿ ಎರಡೂ ಒಂದೇ ಗುಣಿಯಲ್ಲಿ ಮಣ್ಣು ಹೊಯ್ದುಕೊಳ್ಳುತ್ತಿದ್ದವು.

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಪ್ರಬಂಧಕ್ಕೆ ಒಳ್ಳೆಯ ಕೊನೆಯಾಗುತ್ತಿತ್ತು. ಆದರೆ ಎಂಟು ದಿನದ ಭಾರ ಇಳಿದಿತ್ತು. ಎದೆ ಹಗುರಾದರೆ ನನಗೆ ನಾಲಿಗೆಯೂ ಸಡಿಲ. ನಗುತ್ತ ಅಂದುಬಿಟ್ಟೆ: “ನಾ ಎಷ್ಟು ಹೆದರಿದ್ದೆ ಅತ್ತೀ! ಆ ಕೆಂಪ ಕೋಳೀದು ನಿಮಗ ಗೊತ್ತಾಗೇತಿ ಅನಕೊಂಡಿದ್ದೆ.”

ಅಡಿಕೆ ಕತ್ತರಿಸುತ್ತಿದ್ದ ಅಡಕೊತ್ತು ನಿಂತಿತು. ಒಳಗೆ ನನ್ನವರಿಗೆ ಕೆಮ್ಮು ಬಂತು.

“ಕೆಂಪ ಕೋಳೀದು,” ಎಂದರು ಅತ್ತೆ ನಿಧಾನವಾಗಿ, “ಏನು ಗೊತ್ತಾಗೂದು?”

ನಾನು ನೆಲ ನೋಡಿದೆ. ಅವರು ನನ್ನನ್ನು ಓರೆಯಾಗಿ, ಕುತ್ತಿಗೆ ಉದ್ದ ಮಾಡಿ ನೋಡಿದರು.

“ಆ ಬೆಕ್ಕು ಉಂಡ ಸಾರಿಗೆ ಖೊಬ್ರಿ ಹಾಕಿದ್ದೇನು, ಬರೇ ಖಾರಾನೋ?”

ಸುಳ್ಳು ಹೇಳಬಾರದೆಂದು ಕಲಿತವಳು ನಾನು. “ಖೊಬ್ರಿ, ಗಸಗಸಿ ಎರಡೂ,” ಎಂದೆ.

ಅತ್ತೆ ಒಂದು ತಿಂಗಳಿದ್ದರು. ಊಟಕ್ಕೆ ಕೂತಾಗಲೆಲ್ಲ, “ಬೆಕ್ಕಿಗೆ ರುಚಿ ಹಚ್ಚಿ ಮಾಡಿದ್ದಿ, ನಮಗೂ ಒಂದೀಟು ಹಂಗ ಮಾಡವ್ವ” ಎನ್ನುತ್ತಿದ್ದರು. ಎರಡು ಕುಟುಕಿಗೆ ತಲೆ ತಗ್ಗಿಸಿದರೆ ಮೂರನೆಯದು ಬೀಳುವುದಿಲ್ಲವೆಂದು ಬೂದು ಹ್ಯಾಟಿಯನ್ನು ನೋಡಿ ಕಲಿತಿದ್ದೆ. ತಿಂಗಳಿಡೀ ತಲೆ ತಗ್ಗಿಸಿಯೇ ಬಡಿಸಿದೆ. ಆದರೆ ಅತ್ತೆ ಕೋಳಿಯಲ್ಲ.