ಅತ್ತೆಯ ಗದ್ದುಗೆಯ ಕಲ್ಲು

ಅತ್ತೆ ಶಿವಕಾಂತಮ್ಮ ಲಿಂಗೈಕ್ಯರಾದ ಮೂರನೆಯ ದಿನವೇ ಅಳಿಯ ಮಡಿವಾಳಯ್ಯ ಅವರ ಸಮಾಧಿಯ ಬಳಿ ಹೆಂಡತಿಯ ಅಣ್ಣಂದಿರ ಮುಂದೆ ಎದೆ ತಟ್ಟಿ ಘೋಷಿಸಿದ್ದ: "ಅತ್ತಿಯವರ ಗದ್ದಿಗಿಗಿ ಕಲ್ಲ ಹಾಕ್ಸಾಂವ ನಾನೇ! ಶಹಾಬಾದದಾಗ ಅಂಥಾ ಕಲ್ಲ ಯಾರೂ ನೋಡಿರಬಾರದು!"

ಯಾರೂ ನೋಡಲಿಲ್ಲ. ಕಲ್ಲಿದ್ದರಲ್ಲವೇ ನೋಡುವುದು! ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಅಂಗಳದ ಧಣಿ ಅವನು. ಊರಿಗೆಲ್ಲ ಕಲ್ಲು ಹಾಸಿದ ಮಹಾಪುರುಷ! ಹೆಂಡತಿ ಬಸವೇಶ್ವರಿ ಕೇಳಿದಾಗಲೆಲ್ಲ ಒಂದೇ ಮಾತು: "ನಾಳಿ ನೋಡಮು."

ಹಾಗೆ ನೋಡುತ್ತ ನೋಡುತ್ತ ವರ್ಷದ ಪುಣ್ಯತಿಥಿ ನಾಳೆಗೇ ಬಂದು ನಿಂತಿತು.

"ನಸಕಿನ್ಯಾಗ ಅಣ್ಣಗೋಳು ಮುಧೋಳದಿಂದ ಬರ್ತಾರ್ರಿ. ನನ್ನ ಗಂಡ ಮಾತಿಗಿ ತಪ್ಪಂಗಿಲ್ಲ ಅಂತ ಹೇಳೀನಿ. ಅವ್ವನ ಗದ್ದಿಗಿ ಬರೀ ಮಣ್ಣಾಗಿ ಕಂಡ್ರ ನಾ ಹ್ಯಾಂಗ ತಲಿ ಎತ್ತಲಿ?" ಎಂದಳು ಬಸವೇಶ್ವರಿ.

"ಇನ್ನಾ ಇಡೀ ದಿನ ಅದ ಬಿಡು!" ಎಂದು ಉಂಡು ಮಲಗಿದವನು ಎದ್ದದ್ದು ಹೊತ್ತು ಇಳಿಯುವಾಗ. ಕಲ್ಲಿನ ಅಂಗಳಕ್ಕೆ ಹೋದರೆ ಅಲ್ಲಿ ಕರೆಂಟಿಲ್ಲ. ಕಲ್ಲು ಕೆತ್ತುವ ಅಮೀರ್ ಅಲಿಯೂ ಇಲ್ಲ. ಕೈಗೆ ಸಿಕ್ಕ ಒರಟು ಕಲ್ಲೊಂದನ್ನು ಬಾಡಿಗೆ ಗಾಡಿಯ ಮುಬೀನನ ಮೂರು ಚಕ್ರದ ಟಂಟಂಗೆ ಹೇರಿ, ರುದ್ರಭೂಮಿಯತ್ತ ದಂಡಯಾತ್ರೆ ಹೊರಟ!

ಬೇಲಿಯ ಬಳಿ ಮುಬೀನ ಗಾಡಿ ನಿಲ್ಲಿಸಿಬಿಟ್ಟ. "ಅಯ್ಯಾವ್ರೆ, ಹೊತ್ತು ಮುಳಗಲಿಕತ್ತದ. ನಾ ಒಳಗ ಬರಂಗಿಲ್ಲ. ನೀವೇ ಜಾಗಾ ನೋಡಿ ಬರ್ರಿ."

ಒಳಗೆ ಗಾಳಿ ಸತ್ತಂತಿತ್ತು. ಕಲ್ಲಿನ ದೂಳು ಕೂತು ಬೇವಿನ ಮರಗಳೂ ಬೆಳ್ಳಗಾಗಿದ್ದವು. ಎಲ್ಲಿಂದಲೋ ನೀರು ತೊಟ್ಟಿಕ್ಕುವ ಸದ್ದು. ಈ ಬೇಸಿಗೆಯಲ್ಲಿ ಇಲ್ಲಿ ನೀರೆಲ್ಲಿಯದು? ಸದ್ದು ಬಂದತ್ತ ಹೋದರೆ ಅದು ಅತ್ತೆಯ ಗದ್ದುಗೆ.

ಅಲ್ಲಿ ಕಲ್ಲಿತ್ತು! ಕನ್ನಡಿಯಂತೆ ಹೊಳೆಯುವ ಕಲ್ಲು. ಮೇಲೆ ಹಸಿ ವಿಭೂತಿ, ಇನ್ನೂ ಹೊಗೆಯಾಡುವ ಊದುಬತ್ತಿ. ಸುತ್ತ ಮನುಷ್ಯರ ಸುಳಿವಿಲ್ಲ. ಮುಟ್ಟಿ ನೋಡಿದ. ಅಕ್ಕಪಕ್ಕದ ಕಲ್ಲುಗಳೆಲ್ಲ ಇನ್ನೂ ಬಿಸಿಲಿಗೆ ಕಾದಿದ್ದರೆ ಇದು ಮಾತ್ರ ತಣ್ಣಗಿತ್ತು. ಬಗ್ಗಿ ಓದಿದ: "ಲಿಂ. ಶಿವಕಾಂತಮ್ಮ. ಅಳಿಯ ಮಡಿವಾಳಯ್ಯನ ಸೇವೆ."

ಯಾವ ಮಡಿವಾಳಯ್ಯ? ಯಾವಾಗ ಮಾಡಿದ ಸೇವೆ? ಬದುಕಿದ್ದಾಗಲೂ ಅತ್ತೆ ಹೀಗೆಯೇ. ಅಳಿಯನಿಗೆ ಹೇಳಿದ ಕೆಲಸ ಕಾದು ಕಾದು ತಾನೇ ಮಾಡಿ ಮುಗಿಸುತ್ತಿದ್ದಳು!

ಎದ್ದೆನೋ ಬಿದ್ದೆನೋ ಎಂದು ಓಡಿದ. ಎಡವಿ ಬೇಲಿಯ ಬಳಿ ಸುರಿದಿದ್ದ ಕಲ್ಲುದೂಳಿನ ಗುಡ್ಡೆಯಲ್ಲಿ ಮುಖ ಹುಗಿದು ಬಿದ್ದ. ಅಡಿಯಿಂದ ಮುಡಿಯವರೆಗೆ ಬೆಳ್ಳಗಾಗಿ, "ಮುಬೀನಾ!" ಎಂದು ಕೂಗುತ್ತ ಬಂದ ಆಕೃತಿಯನ್ನು ಕಂಡದ್ದೇ ತಡ, ಮುಬೀನ "ಯಾ ಅಲ್ಲಾ!" ಎಂದು ಕಲ್ಲಿನ ಸಮೇತ ಟಂಟಂ ಓಡಿಸಿದ!

ಮನೆಯಲ್ಲಿ ಬಸವೇಶ್ವರಿ ರೊಟ್ಟಿ ಬಡಿಯುತ್ತಿದ್ದಳು.

"ಏ, ನಿಮ್ಮವ್ವ... ತನ್ನ ಕಲ್ಲ ತಾನೇ ಹಾಕ್ಕೊಂಡಾಳ!"

ಅವಳು ತಲೆ ಎತ್ತಲಿಲ್ಲ. "ಹೌದ್ರಿ. ಅಕೀನೇ ಹಾಕ್ಕೊಂಡಾಳ."

ಮಡಿವಾಳಯ್ಯ ಗೋಡೆಗೆ ಒರಗಿ ಕುಸಿದ.

"ಜೀವ ಇದ್ದಾಗೇ ಅಮೀರ್ ಅಲಿ ಕೈಲಿಂದ ಕೆತ್ತಿಸಿಟ್ಟಿದ್ಳರಿ," ಎಂದಳು ಬಸವೇಶ್ವರಿ. "'ಕಲ್ಲ ಹಾಕ್ಸಾಂವ ನಾನೇ ಅಂತ ಅಳಿಯ ಎದಿ ತಟ್ಟೇ ತಟ್ಟತಾನ. ವರ್ಷತನಕ ಅಂವನ ದಾರಿ ನೋಡು. ಅಂವ ಹಾಕಿದ್ರ ಛಲೋ. ಇಲ್ಲಂದ್ರ ಹಿಂದಿನ ದಿನ ಇದನ್ನ ಹಾಕ್ಸು. ಅಂವನ ಹೆಸರೇ ಇರಲಿ, ನಾಕ ಮಂದ್ಯಾಗ ಅಂವನ ಮಾನ ಹೋಗಬಾರದು' ಅಂದಿದ್ಳು. ನೀವು ಮಧ್ಯಾಹ್ನ ಗೊರಕಿ ಹೊಡೀವಾಗ ನಾನೂ ಅಮೀರ್ ಅಲಿನೂ ಹೋಗಿ ಹಾಕ್ಸಿದ್ವಿ. ಹೊತ್ತಿಳಿದ ಮ್ಯಾಲ ಕೊಡಗಟ್ಲೆ ನೀರು ಸುರದು ತೊಳದು, ಪೂಜಿ ಮಾಡಿ ಈಗಷ್ಟೇ ಬಂದೀವಿ."

ಮಡಿವಾಳಯ್ಯನ ಕಣ್ಣು ತುಂಬಿದವು. ಎಂಥ ಅತ್ತೆ! ಸತ್ತ ಮೇಲೂ ಅಳಿಯನ ಮರ್ಯಾದೆ ಕಾಯುವ ತಾಯಿ! ಮೂಗೊರೆಸಿಕೊಂಡು ಕೇಳಿದ: "ಇಷ್ಟ ದಿನಾ ಆ ಕಲ್ಲ ಎಲ್ಲಿ ಮುಚ್ಚಿಟ್ಟಿದ್ರಿ?"

"ಮುಚ್ಚಿಡೋದ್ಯಾಕ್ರಿ? ನಿಮ್ಮ ಅಂಗಳದಾಗೇ ಬೋರಲ ಬಿದ್ದಿತ್ತು. ವರ್ಷಾನುಗಟ್ಲೆ ಅದರ ಮ್ಯಾಲೇ ಕುಂತು ಚಾ ಕುಡದೀರಿ!"