ಎಂಡಿ ಸಾಹೇಬರ ಕಟಿಂಗ್

ಸಲೂನಿನವನ ಬಳಿ ಆ ದಿನ ನೀರಿರಲಿಲ್ಲ. ನಲ್ಲಿಯಲ್ಲಿ ಏನೋ ಬರುತ್ತಿತ್ತು, ನಿಜ. ಆದರೆ ಅದು ನೀಲಿಯಾಗಿತ್ತು, ಸೋಪಿಲ್ಲದೆಯೇ ನೊರೆ ಬಿಡುತ್ತಿತ್ತು. ಕಾರ್ಖಾನೆಯ ಬಣ್ಣದ ತೊಟ್ಟಿ ಒಡೆದು ಕೆರೆಗೆ ಸೇರಿದ ಮೇಲೆ ಬಾತುಕೋಳಿಗಳೆಲ್ಲ ಯೂನಿಫಾರ್ಮ್ ತೊಟ್ಟ ಶಾಲಾಮಕ್ಕಳಂತೆ ಓಡಾಡುತ್ತಿದ್ದವು. ಅವನು ಪಕ್ಕದಂಗಡಿಯ ಸೋಡಾದಲ್ಲೇ ಗಿರಾಕಿಗಳ ಗಡ್ಡ ನೆನೆಸುತ್ತಿದ್ದ. ಗಲ್ಲಗಳು ಚುರ್ ಎನ್ನುತ್ತಿದ್ದವು.

ಅಷ್ಟರಲ್ಲಿ ದೊಡ್ಡ ಕಾರೊಂದು ಬಂದು ನಿಂತಿತು. ಇಳಿದವನು ಕಾರ್ಖಾನೆಯ ಎಂಡಿ. ಗುಂಗುರು ಕೂದಲು, ಪೊರಕೆಯಂಥ ಮೀಸೆ; ದಿನವೂ ಪೇಪರಿನಲ್ಲಿ ಬರುವ ಮುಖ.

"ಬೇಗ ಮುಗಿಸಪ್ಪ, ವಿಮಾನಕ್ಕೆ ಹೊತ್ತಾಗತ್ತೆ," ಎಂದು ಕುರ್ಚಿಗೆ ಒರಗಿದ.

ಹಿಂಬಾಗಿಲಿನಿಂದ ಎದುರಂಗಡಿಯ ಟೈಲರ್ ಇಣುಕಿ ಪಿಸುಗುಟ್ಟಿದ. "ಅಣ್ಣ, ಇವನ ಮೇಲೆ ವಾರಂಟ್ ಇದೆ. ಪೊಲೀಸ್‌ಗೆ ಫೋನ್ ಮಾಡಿದೀನಿ. ಅವರು ಬರೋವರೆಗೂ ಏಳೋಕೆ ಬಿಡಬೇಡ."

"ನಾನಾ? ನೀನೇ ಹಿಡ್ಕೋ!"

"ನಾನು ಮುಟ್ಟಿದ್ರೆ ನನ್ ಮೇಲೇ ಕೇಸು. ನಿಂಗೆ ಮುಟ್ಟೋದೇ ಕೆಲಸ."

"ಇವನು ಹಾರಿಹೋದ್ರೆ ಕೆರೆ ತೊಳೆಸೋರು ಯಾರಣ್ಣ? ಜೀವನ ಪೂರ್ತಿ ಸೋಡಾದಲ್ಲೇ ಸ್ನಾನ ಮಾಡೋದಾ?" ಎಂದಳು ಅವನ ಹಿಂದೆಯೇ ಬಂದಿದ್ದ ಪಕ್ಕದ ಸೋಡಾ ಅಂಗಡಿಯ ಅಕ್ಕ. ತನ್ನ ವ್ಯಾಪಾರಕ್ಕೆ ವಿರುದ್ಧವಾಗಿ ಅವಳು ಆಡಿದ ಮೊದಲ ಮಾತು ಅದು.

ಸಲೂನಿನವನು ಎಂಡಿಯ ತಲೆಗೆ ಎಣ್ಣೆ ಹಾಕಿ ತಿಕ್ಕತೊಡಗಿದ. ನಿದ್ದೆಗೆಟ್ಟಿದ್ದ ಎಂಡಿ ಹಾಗೇ ಗೊರಕೆಗೆ ಬಿದ್ದ. ಕಷ್ಟ ಶುರುವಾದದ್ದೇ ಆಗ. ಕತ್ತರಿಯ ಸದ್ದು ನಿಂತರೆ ಸಾಕು, "ಆಯ್ತಾ?" ಎಂದು ಕಣ್ಣು ಬಿಡುತ್ತಿದ್ದ. ಸದ್ದು ನಿಲ್ಲುವಂತಿಲ್ಲ, ಬರೀ ಗಾಳಿ ಕತ್ತರಿಸಿ ಸಲೂನಿನವನ ಕೈಗೆ ಅಭ್ಯಾಸವಿಲ್ಲ.

"ಎಡಗಡೆ ಜಾಸ್ತಿ ಇದೆ," ಎಂದ ಟೈಲರ್.

"ಈಗ ಬಲಗಡೆ ಜಾಸ್ತಿ," ಎಂದಳು ಅಕ್ಕ.

ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಅಕ್ಕ ಓಡಿಹೋಗಿ ಅವನ ಬಾಯಿಗೊಂದು ಸೋಡಾ ಕೊಟ್ಟು ಬಂದಳು. ಎಡ, ಬಲ, ಎಡ ಎನ್ನುತ್ತ ತಲೆ ಕಲ್ಲಂಗಡಿ ಹಣ್ಣಿನಂತಾಯಿತು. ಪೊಲೀಸರಿನ್ನೂ ಬಂದಿರಲಿಲ್ಲ. ಉಳಿದದ್ದು ಮೀಸೆ. ಅದೂ ಹೋಯಿತು.

ಕೊನೆಗೂ ಇನ್‌ಸ್ಪೆಕ್ಟರ್ ಫೋಟೋ ಹಿಡಿದು ನುಗ್ಗಿದ. ಎಂಡಿ ಬೆಚ್ಚಿ ಎದ್ದು ಕನ್ನಡಿ ನೋಡಿ, "ಯಾರಿದು?" ಎಂದು ಕಿರುಚಿದ.

"ಇವರು ಯಾರು ಅಂತ ಇವರಿಗೇ ಗೊತ್ತಿಲ್ಲ!" ಇನ್‌ಸ್ಪೆಕ್ಟರ್ ಫೋಟೋ ನೋಡಿದ, ಬೋಳುತಲೆ ನೋಡಿದ. "ಎಂಡಿ ನೀವೇನಾ?"

ಎಂಡಿ ಪೆದ್ದನಲ್ಲ. "ಅಲ್ಲವೇ ಅಲ್ಲ ಸಾರ್," ಎಂದವನೇ ಸಲೂನಿನವನ ಬೆನ್ನು ತಟ್ಟಿ, "ಒಳ್ಳೆ ಕಟಿಂಗು," ಎಂದು ಕಾರು ಹತ್ತಿದ. ಕಾರು ಧೂಳೆಬ್ಬಿಸಿಕೊಂಡು ಹೋಯಿತು.

"ಸಾರ್, ಅವನೇ!" ಟೈಲರ್ ಬಾಯಿ ಬಡಿದುಕೊಂಡ. "ಬೇಕಾದ್ರೆ ನೆಲ ನೋಡಿ!"

ಇನ್‌ಸ್ಪೆಕ್ಟರ್ ಕುಕ್ಕರಗಾಲಲ್ಲಿ ಕೂತು, ನೆಲದ ಮೇಲಿನ ಗುಂಗುರನ್ನೂ ಮೀಸೆಯನ್ನೂ ಫೋಟೋದ ಪಕ್ಕ ಹಿಡಿದ. ಮುಖ ಕಪ್ಪಾಯಿತು. "ಇದನ್ನ ಕತ್ತರಿಸಿದ್ದು ಯಾರು?"

ಇಡೀ ಬೀದಿ ಹೆಮ್ಮೆಯಿಂದ ಕೈ ತೋರಿಸಿತು. "ನಮ್ಮ ಅಣ್ಣ!"

ಆರೋಪಿಯ ಗುರುತು ಅಳಿಸಿ ಪರಾರಿಗೆ ನೆರವಾದ ತಪ್ಪಿಗೆ ಸಲೂನಿನವನನ್ನು ಜೀಪು ಹತ್ತಿಸಿದರು. ಕೆರೆ ಹಾಳಾದ ಪ್ರಕರಣದಲ್ಲಿ ಅದು ಮೊದಲ ಬಂಧನ.

ಒಟ್ಟು ಹೋದದ್ದು: ಒಂದು ಕೆರೆ, ಒಂದು ಮೀಸೆ, ಹದಿನಾಲ್ಕು ಬಾಟಲಿ ಸೋಡಾ, ಒಬ್ಬ ಎಂಡಿ, ಒಬ್ಬ ಸಲೂನಿನವನು.